ಮುಂದಿನ ಸೀಟಿನಲ್ಲಿ ಇಮಾಮ್ ಸಾಬರು

ಬಿಸಿಲಿನಲ್ಲಿ ನಿಂತ ಕಾರಿನ ಟ್ಯಾಂಕಿನಿಂದ ಪೆಟ್ರೋಲು ಆವಿಯಾಗಿ ಹೋಗುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿಕೊಂಡು, ಒಂದು ಏಪ್ರಿಲ್ ಮಧ್ಯಾಹ್ನ ನಾನು ತುಮಕೂರಿನ ಬೀದಿಗಳಲ್ಲಿ ಒಂದು ಹೊಂಗೆಮರದ ನೆರಳಿಗಾಗಿ ಮೂರು ಸುತ್ತು ಹಾಕಿದ್ದುಂಟು. ನೆರಳೇನೋ ಸಿಕ್ಕಿತು. ಆವಿಯಾಗದೆ ಉಳಿದ ಪೆಟ್ರೋಲು ಹೆಚ್ಚೋ, ನೆರಳನ್ನು ಹುಡುಕಲು ಸುಟ್ಟ ಪೆಟ್ರೋಲು ಹೆಚ್ಚೋ ಎಂಬ ಜಿಜ್ಞಾಸೆಗೆ ಕೈ ಹಾಕದೆ, ಬಾಗಿಲು ತೆರೆದುಕೊಂಡು ಆ ತಂಪಿನಲ್ಲಿ ಹತ್ತು ನಿಮಿಷ ಕೃತಾರ್ಥನಾಗಿ ಕುಳಿತಿದ್ದೆ. ನನ್ನ ಮಿತವ್ಯಯವೆಲ್ಲ ಹೀಗೆಯೇ. ಒಂದಕ್ಷರ ಅತ್ತಿತ್ತ ಸರಿದು ಮತಿವ್ಯಯವಾಗಿ ಮುಗಿಯುತ್ತಿತ್ತು.

ಇದು ಎಂಬತ್ತರ ದಶಕ ಆಗತಾನೇ ಕಣ್ಣು ಬಿಟ್ಟಿದ್ದ ಕಾಲದ ಮಾತು. ನಾನು ಗುಬ್ಬಿಯ ಕಾಲೇಜೊಂದರಲ್ಲಿ ಕನ್ನಡ ಮೇಷ್ಟ್ರಾಗಿದ್ದೆ, ಮನೆ ತುಮಕೂರಿನಲ್ಲಿ. ಪೆಟ್ರೋಲಿನ ಬೆಲೆ ಏರುತ್ತಲೇ ಇದ್ದ ಆ ದಿನಗಳಲ್ಲಿ ಬುದ್ಧಿಯಿದ್ದವರು ಕಾರು ಮಾರುತ್ತಿದ್ದರು, ನಾನು ಕೊಂಡೆ. ನನಗಿಂತ ಮುಂಚೆ ಮೂವರನ್ನು ಕಂಡಿದ್ದ ಬೂದು ಬಣ್ಣದ ಕಾರು ಅದು. ಅದರ ಪೆಟ್ರೋಲಿನ ಮುಳ್ಳು ಸದಾಕಾಲ ಅರ್ಧದಲ್ಲಿ ನಿಂತಿರುತ್ತಿತ್ತು; ಟ್ಯಾಂಕು ತುಂಬಿದ್ದಾಗ ನಿರಾಶಾವಾದಿ, ಬರಿದಾದಾಗ ಆಶಾವಾದಿ. ಆದ್ದರಿಂದ ಪೊರಕೆಯಿಂದ ಹಿರಿದ ಉದ್ದನೆಯ ತೆಂಗಿನ ಕಡ್ಡಿಯೊಂದನ್ನು ಟ್ಯಾಂಕಿಗೆ ಇಳಿಸಿ, ಎಷ್ಟು ನೆನೆದಿದೆಯೆಂದು ಬೆರಳಿನಲ್ಲಿ ಅಳೆದು ನೋಡುವುದು ನನ್ನ ಪ್ರಾತರ್ವಿಧಿಗಳಲ್ಲಿ ಸೇರಿತ್ತು. ಗುಬ್ಬಿಯ ದಾರಿಯಲ್ಲಿ ಎಲ್ಲೆಲ್ಲಿ ಇಳಿಜಾರಿದೆಯೆಂಬುದು ನನಗೆ ಬಾಯಿಪಾಠವಾಗಿತ್ತು. ಇಳಿಜಾರು ಬಂದೊಡನೆ ಎಂಜಿನ್ ಆರಿಸಿ, ಗಾಳಿಯ ಸದ್ದೊಂದನ್ನೇ ಕೇಳುತ್ತ ಋಷಿಯಂತೆ ಜಾರಿಕೊಂಡು ಹೋಗುತ್ತಿದ್ದೆ. ಹಿಂದಿನಿಂದ ಬರುವ ಲಾರಿಯವರು ಹಾರನ್ನಿನಲ್ಲಿ ಏನೇನೋ ಅನ್ನುತ್ತಿದ್ದರು. ಇಂಧನವೇ ನನಗೆ ಬಂಧನವಾಗಿತ್ತು.

ನನ್ನ ಹೆಂಡತಿ ಗಿರಿಜೆಗೆ ಇದರಲ್ಲಿ ಯಾವ ಶ್ರದ್ಧೆಯೂ ಇರಲಿಲ್ಲ. ಅವಳ ದೂರು ಬೇರೆ. ಮದುವೆಯಾಗಿ ಹನ್ನೊಂದು ವರ್ಷಗಳಾದರೂ ನಾನು ಅವಳನ್ನು ಕರೆದುಕೊಂಡು ಹೋದ ಅತಿ ದೂರದ ಊರೆಂದರೆ ಅವಳದೇ ತವರು, ಕುಣಿಗಲ್ಲು. "ಕಾರು ತಗೊಂಡಿದ್ದು ಕಡ್ಡಿ ಅದ್ದಕ್ಕಾ?" ಎಂದು ಒಂದು ದಿನ ಕೇಳಿದಳು. ಅವಳು ದನಿ ಏರಿಸಿ ಕೇಳಲಿಲ್ಲ. ಏರಿಸಿದ್ದರೆ ನಾನು ತಪ್ಪಿಸಿಕೊಳ್ಳುತ್ತಿದ್ದೆ. ಆ ಬೇಸಿಗೆ ರಜದಲ್ಲಿ ಊಟಿಗೆ ಹೋಗಿ ಎರಡು ದಿನ ಇದ್ದು ಬರುವುದೆಂದು ಮಾತು ಕೊಟ್ಟೆ. ಕೊಟ್ಟ ಮೇಲೆ ಕಾರನ್ನೊಮ್ಮೆ ನೋಡಿದೆ. ಗುಬ್ಬಿಗೆ ಹೋಗಿ ಬರುವಷ್ಟರಲ್ಲೇ ಏದುಸಿರು ಬಿಡುವ ಅದು ಮೇ ತಿಂಗಳ ಬಿಸಿಲಿನಲ್ಲಿ ಮೈಸೂರು ದಾಟಿ ಘಾಟಿ ಹತ್ತುವುದುಂಟೆ? ನೇರವಾಗಿ ಬಾಷಾನ ಗ್ಯಾರೇಜಿಗೆ ಒಯ್ದೆ.

ಬಾಷಾನ ಗ್ಯಾರೇಜು ಕ್ಯಾತ್ಸಂದ್ರಕ್ಕೆ ಹೋಗುವ ರಸ್ತೆಯಲ್ಲಿತ್ತು. ಒಂದು ತಗಡಿನ ಚಪ್ಪರ, ಒಂದು ಹುಣಿಸೆಮರ, ಮರದ ಕೆಳಗೊಂದು ಬೆಂಚು. ಬಾಷಾನಿಗೆ ಮೂವತ್ತೈದರ ಆಸುಪಾಸು, ಮಾತು ಕಡಿಮೆ. ಮರದಡಿಯ ಬೆಂಚಿನ ಮೇಲೆ ಬಿಳಿಯ ಗಡ್ಡದ, ಸಣಕಲು ಮೈಯ ಮುದುಕರೊಬ್ಬರು ಸದಾ ಕುಳಿತಿರುತ್ತಿದ್ದರು. ಅವರು ಬಾಷಾನ ತಂದೆ ಇಮಾಮ್ ಸಾಬರು, ಎರಡು ಕಣ್ಣಿಗೂ ಪೊರೆ ಬಂದಿದೆ ಎಂಬುದಷ್ಟೇ ನನಗೆ ಗೊತ್ತಿತ್ತು. ಎರಡು ವರ್ಷ ನಾನು ಅವರಿಗೆ ನಮಸ್ಕಾರ ಹೇಳುತ್ತಿದ್ದೆ, ಅವರು ನನ್ನ ದನಿ ಬಂದ ಕಡೆಗೆ ಕೈ ಎತ್ತುತ್ತಿದ್ದರು. ಪರಿಚಯವೆಂದರೆ ಅಷ್ಟೇ.

ಊಟಿಗೆ ಎಂದೊಡನೆ ಬಾಷಾ ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟ. ಊಟಿಗೇ ಏಕೆ, ಯಾವಾಗ ಹೊರಡುತ್ತೀರಿ, ಎಷ್ಟು ಜನ ಎಂದು ಅವನ ಮಟ್ಟಿಗೆ ಬಹಳವೆನ್ನುವಷ್ಟು ಪ್ರಶ್ನೆ ಕೇಳಿದ. ಆಮೇಲೆ ಒಂದು ದಿನದ ಕೆಲಸಕ್ಕೆ ಮೂರು ದಿನ ತೆಗೆದುಕೊಂಡ. ರೇಡಿಯೇಟರನ್ನು ಬಿಚ್ಚಿ ಬಿಸಿಲಿಗಿಟ್ಟು, ವರ್ಷಗಟ್ಟಲೆ ಕೂತಿದ್ದ ತುಕ್ಕಿನ ಕೆಸರು ಹೋಗುವ ತನಕ ನೀರು ಬಿಟ್ಟ. ಫ್ಯಾನ್ ಬೆಲ್ಟು ಬದಲಾಯಿಸಿದ. ನೀರಿನ ಪೈಪುಗಳನ್ನು ಒಂದೊಂದಾಗಿ ಬಗ್ಗಿಸಿ ಎಲ್ಲಿ ಸೀಳಿದೆಯೆಂದು ಹುಡುಕಿದ. ಪ್ಲಗ್ಗುಗಳನ್ನು ಉಜ್ಜಿ, ಕಾರ್ಬುರೇಟರನ್ನು ಬಿಚ್ಚಿ ತೊಳೆದು ಜೋಡಿಸಿ, ಕಣ್ಣು ಮುಚ್ಚಿಕೊಂಡು ಎಂಜಿನ್ನಿನ ಸದ್ದು ಕೇಳುತ್ತ ಸ್ಕ್ರೂ ತಿರುಗಿಸಿದ. ಗಾಳಿ ಬರುವ ಜಾಲರಿಯಲ್ಲಿ ಗುಬ್ಬಿ ರಸ್ತೆಯ ಅರ್ಧ ಧೂಳಿತ್ತು, ಅದನ್ನು ಕೊಡವಿದ. ಮಾವಿನ ಹಣ್ಣು ತರಲೆಂದು ನಾನು ಹಾಕಿಸಿಕೊಂಡಿದ್ದ, ಒಂದು ದಿನವೂ ಮಾವಿನ ಹಣ್ಣು ಹೊರದ ಮೇಲಿನ ಕ್ಯಾರಿಯರನ್ನು, ಗಾಳಿಗೆ ಎದುರಾಗಿ ಪೆಟ್ರೋಲು ತಿನ್ನುತ್ತದೆಂದು ಕಿತ್ತಿಟ್ಟ. ಟೈರುಗಳಿಗೆ ಗಾಳಿ ತುಂಬಿಸಿದ. ಜೊತೆಗೆ ನನಗೂ ನಾಲ್ಕು ಮಾತು ಹೇಳಿದ.

"ನಿಮ್ಮ ಕಡ್ಡಿ ಲೆಕ್ಕ ಬುಡಿ ಸಾರ್. ಪೆಟ್ರೋಲ್ ಉಳ್ಯೋದು ನಿಮ್ಮ ಪಾದದಲ್ಲಿ ಐತೆ. ಸುಮ್ಸುಮ್ನೆ ತುಳೀಬೇಡಿ, ತುಳಿದು ಬ್ರೇಕ್ ಹಾಕ್ಬೇಡಿ. ಇನ್ನೊಂದು, ಇಳಿಜಾರಲ್ಲಿ ಎಂಜಿನ್ ಆಫ್ ಮಾಡ್ತೀರಂತೆ. ಘಾಟಿಲಿ ಅದ್ನ ಮಾಡ್ಬೇಡಿ. ಇಳೀವಾಗ ಗೇರು ಗಾಡಿನ ಹಿಡ್ಕಂಡಿರ್ಬೇಕು."

ನಾನು ತಲೆಯಾಡಿಸಿದೆ. ಮೂರನೆಯ ದಿನ ಹೋದಾಗ ಅವನು ಎಡಗಡೆಯ ಮುಂದಿನ ಸೀಟನ್ನು ಹೊರಗಿಟ್ಟುಕೊಂಡು, ಕುಸಿದ ಸ್ಪ್ರಿಂಗುಗಳ ಮೇಲೆ ತೆಂಗಿನ ನಾರನ್ನು ಮೆತ್ತಗೆ ಒತ್ತಿ ತುಂಬಿ ಹೊಲಿಯುತ್ತಿದ್ದ. ಅದನ್ನು ನಾನು ಹೇಳಿರಲಿಲ್ಲ. ನನ್ನ ಮೇಲೆ, ಅಥವಾ ಕಡೇಪಕ್ಷ ಗಿರಿಜೆಯ ಮೇಲೆ, ಅವನಿಗಿರುವ ಗೌರವಕ್ಕೆ ಮನಸ್ಸು ತುಂಬಿ ಬಂತು. ಆಗ ಅವನು ತಲೆ ಎತ್ತದೆಯೇ, "ಸಾರ್, ಈ ಸೀಟು ಖಾಲಿ ಇರುತ್ತಾ?" ಎಂದ.

ವಿಷಯ ಇಷ್ಟು. ಇಮಾಮ್ ಸಾಬರು ಕುಣಿಗಲ್ಲಿನ ಕುದುರೆ ಫಾರಮ್ಮಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕುದುರೆಗಳನ್ನು ನೋಡಿಕೊಂಡವರು. ಅವರು ಮರಿಯಿಂದ ಸಾಕಿದ ಒಂದು ಹೆಣ್ಣು ಕುದುರೆ ಎರಡು ವರ್ಷದ್ದಾಗಿದ್ದಾಗ ರೇಸಿನವರಿಗೆ ಮಾರಾಟವಾಗಿ ಹೋಗಿತ್ತು. ಅದು ಈ ಬೇಸಿಗೆಯ ರೇಸಿಗೆಂದು ಊಟಿಗೆ ಬಂದಿದೆ, ಇಲ್ಲಿಂದ ಮುಂದೆ ಎಲ್ಲಿಗೆ ಹೋಗುತ್ತದೋ ಗೊತ್ತಿಲ್ಲ, ಒಮ್ಮೆ ಬಂದು ನೋಡಿಕೊಂಡು ಹೋಗಿ ಎಂದು, ಹಿಂದೆ ಅವರ ಕೈಕೆಳಗೆ ಕೆಲಸ ಕಲಿತು ಈಗ ಅಲ್ಲಿರುವ ಮಸ್ತಾನ್ ಎಂಬಾತ ಒಂದು ಕಾರ್ಡು ಬರೆದಿದ್ದ. ಕಾರ್ಡು ಬಂದು ಹದಿನೈದು ದಿನವಾಗಿತ್ತು. ಅಂದಿನಿಂದ ಅಬ್ಬಾ ಸರಿಯಾಗಿ ಊಟ ಮಾಡುತ್ತಿಲ್ಲ, ಸೊಂಟದ ನೋವಿಗೆ ಬಸ್ಸಿನಲ್ಲಿ ಅಷ್ಟು ದೂರ ಕೂರಲಾರರು ಎಂದ ಬಾಷಾ.

"ನೀನೇ ಜೊತೆಗೆ ಬಾರಪ್ಪ," ಎಂದೆ.

ಅವನು ದಬ್ಬಳ ಎಳೆದು ಗಂಟು ಹಾಕಿದ. "ನಾನ್ ಬಂದ್ರೆ ಅವ್ರು ಕುದ್ರೆ ಹತ್ರ ಮಾತಾಡಕ್ಕೆ ಸಂಕೋಚ ಪಡ್ತಾರೆ ಸಾರ್. ನೀವು ಕರ್ಕಂಡೋಗಿ ಸಾಕು."

ಇಲ್ಲಿ ನನ್ನ ಬಗ್ಗೆ ಒಂದು ಸತ್ಯವನ್ನು ಹೇಳಿಬಿಡಬೇಕು. ಆ ಕ್ಷಣದಲ್ಲಿ ನನ್ನ ಮನಸ್ಸಿಗೆ ಮೊದಲು ಹೊಳೆದದ್ದು ಕರುಣೆಯಲ್ಲ; ಇಮಾಮ್ ಸಾಬರ ತೂಕ. ಒಬ್ಬ ಆಳು ಹೆಚ್ಚಾದರೆ ಘಾಟಿಯಲ್ಲಿ ಎಷ್ಟು ಪೆಟ್ರೋಲು ಹೆಚ್ಚು ಹೋಗುತ್ತದೆ ಎಂದು ಬೆಂಚಿನ ಕಡೆಗೊಮ್ಮೆ ಕಣ್ಣು ಹಾಯಿಸಿ ಅಂದಾಜು ಮಾಡಿದೆ. ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂಬ ಗೃಹಸ್ಥರ ಗುರಾಣಿಯನ್ನು ಹಿಡಿದು ಅಲ್ಲಿಂದ ಹೊರಟೆ. ಗಿರಿಜೆ ಬೇಡವೆನ್ನುತ್ತಾಳೆ, ಹನ್ನೊಂದು ವರ್ಷದ ಮೇಲೆ ಗಂಡಹೆಂಡಿರು ಹೊರಟಿರುವಾಗ ಮುಂದಿನ ಸೀಟಿನಲ್ಲಿ ಮೂರನೆಯವರೊಬ್ಬರನ್ನು ಯಾವ ಹೆಂಗಸು ಒಪ್ಪುತ್ತಾಳೆ ಎಂದುಕೊಂಡಿದ್ದೆ.

ಅವಳು ಎಲ್ಲವನ್ನೂ ಕೇಳಿ, ಎದ್ದು ಹೋಗಿ, ನಾನು ಊಟಿಯಲ್ಲಿ ಓದಲೆಂದು ಕಟ್ಟಿಟ್ಟಿದ್ದ ಪುಸ್ತಕದ ಗಂಟನ್ನು ಎತ್ತಿ ನೋಡಿದಳು. ಅದರಲ್ಲಿ ಎರಡು ನಿಘಂಟುಗಳೂ ಇದ್ದವು. "ಸಾಬರು ಇದಕ್ಕಿಂತ ಹೆಚ್ಚು ಭಾರ ಇರಲ್ಲ ಬಿಡಿ," ಎಂದು ಅದನ್ನು ಬೀರುವಿನೊಳಗಿಟ್ಟು ಬೀಗ ಹಾಕಿದಳು. "ನಾನು ಹಿಂದೆ ಕೂರ್ತೀನಿ. ಕಾಲು ನೀಡ್ಕೊಂಡು ನಿದ್ದೆ ಮಾಡ್ಬೋದು."

ಬೆಳಗಿನ ತಂಪಿನಲ್ಲಿ, ಸೂರ್ಯ ಹುಟ್ಟುವ ಹೊತ್ತಿಗೆ ಹೊರಟೆವು. ಇಸ್ತ್ರಿ ಮಾಡಿದ ಬಿಳಿ ಜುಬ್ಬ, ತಲೆಗೆ ಟೋಪಿ, ತೊಡೆಯ ಮೇಲೊಂದು ಬಟ್ಟೆಯ ಗಂಟು. ಇಮಾಮ್ ಸಾಬರು ಮದುವೆಗೆ ಹೊರಟವರಂತೆ ಕಾಣುತ್ತಿದ್ದರು. ಬಾಷಾ ಅವರನ್ನು ಕೂರಿಸಿ, ಬಾಗಿಲನ್ನು ಎರಡು ಸಲ ಹಾಕಿ ನೋಡಿ, ನನ್ನ ಕಡೆ ಬಂದು, ರೇಡಿಯೇಟರು ಕುದಿಯುವಾಗ ಮುಚ್ಚಳ ತೆಗೆಯಬೇಡಿ ಎಂದು ಮೂರನೆಯ ಸಲ ಹೇಳಿದ. ತಂದೆಗೆ ಏನೂ ಹೇಳಲಿಲ್ಲ.

ಕಾರು ಎಂದೂ ಇಲ್ಲದ ಸೌಜನ್ಯದಿಂದ ಓಡಿತು. ಆದರೂ ಎಲ್ಲೋ ಸ್ವಲ್ಪ ಎಳೆದಂತಾಗುತ್ತಿತ್ತು. ಹೆಚ್ಚಾದ ತೂಕದ ಪರಿಣಾಮವಿದು ಎಂದು ಒಳಗೊಳಗೇ ತೀರ್ಮಾನಿಸಿ, ಅದಕ್ಕೆ ಪ್ರಾಯಶ್ಚಿತ್ತವಾಗಿ ಮತ್ತಷ್ಟು ಮೆಲ್ಲಗೆ ಓಡಿಸಿದೆ. ಹೆಬ್ಬೂರಿನಲ್ಲಿ ಕಾಫಿಗೆ ನಿಲ್ಲಿಸಿದೆವು. ಇಮಾಮ್ ಸಾಬರು ಇಳಿದವರೇ ಕಾಫಿಯ ಕಡೆ ಹೋಗದೆ, ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಹಾಗೇ ತಡವಿಕೊಂಡು ಕಾರನ್ನು ಒಂದು ಸುತ್ತು ಬಂದರು. ಪ್ರತಿ ಚಕ್ರದ ಹತ್ತಿರವೂ ಸೊಂಟ ಹಿಡಿದುಕೊಂಡು ಬಗ್ಗಿ ಕೈ ಇಡುತ್ತಿದ್ದರು. ಏನೋ ಆಶೀರ್ವಾದ ಮಾಡುತ್ತಿದ್ದಾರೆಂದು ನಾನು ಭಕ್ತಿಯಿಂದ ನಿಂತೆ.

"ಮೇಷ್ಟ್ರೇ, ಮುಂಗಾಲು ಎರಡೂ ಚೆನ್ನಾಗವೆ. ಹಿಂಗಾಲು ಎರಡೂ ಬಿಸಿಯಾಗವೆ. ಏನೋ ಹಿಡ್ಕಂಡೈತೆ, ಒಸಿ ನೋಡಿ."

ನಾನು ಒಳಗೆ ಇಣುಕಿ ನೋಡಿದೆ. ಕೈಬ್ರೇಕು ಎರಡು ಹಲ್ಲಿನಷ್ಟು ಮೇಲೆಯೇ ಇತ್ತು. ಹೊರಡುವಾಗ ಅದನ್ನು ನಾನು ಪೂರ್ತಿ ಇಳಿಸಿರಲಿಲ್ಲ. ತುಮಕೂರಿನಿಂದ ಹೆಬ್ಬೂರಿನವರೆಗೂ ಪಾದದಲ್ಲಿ ಉಳಿಸಿದ್ದನ್ನೆಲ್ಲ ಕೈಯಲ್ಲಿ ಸುಡುತ್ತ ಬಂದಿದ್ದೆ. ಮೇಲಾಗಿ ಅದರ ಅಪವಾದವನ್ನು ಒಬ್ಬ ಸಣಕಲು ಮುದುಕರ ತೂಕದ ಮೇಲೆ ಹೊರಿಸಿದ್ದೆ. ಬ್ರೇಕು ಇಳಿಸಿ ಬಂದು, "ಸರಿಹೋಯ್ತು ಸಾಬರೇ," ಎಂದೆ. ಏನು ಸರಿಹೋಯಿತೆಂದು ಅವರು ಕೇಳಲಿಲ್ಲ. ಗಿರಿಜೆಯೂ ಕೇಳಲಿಲ್ಲ, ಕಾಫಿಯ ಲೋಟದೊಳಗೆ ಮುಖವಿಟ್ಟುಕೊಂಡು ಬಹಳ ಹೊತ್ತು ಕಾಫಿ ಕುಡಿದಳು. ತೆಂಗಿನ ಕಡ್ಡಿಯನ್ನು ನಾನು ಅಲ್ಲೇ ಹೋಟೆಲಿನ ಗೋಡೆಗೆ ಒರಗಿಸಿ ಬಂದೆ.

ಕುಣಿಗಲ್ಲು ಹತ್ತಿರವಾದಾಗ ನಾನು ಹೇಳುವ ಮೊದಲೇ ಇಮಾಮ್ ಸಾಬರು ಕಿಟಕಿಯ ಕಡೆ ಮುಖ ತಿರುಗಿಸಿದರು. ಹಸಿರು ಮೇವಿನ ವಾಸನೆ ತೆಳ್ಳಗೆ ಗಾಳಿಯಲ್ಲಿತ್ತು. "ಕುದುರೆ ಮಸಾಲೆ ಸೊಪ್ಪು. ಈವತ್ತು ಬೆಳಿಗ್ಗೆ ಕೊಯ್ದವ್ರೆ," ಎಂದರು. ನಿಲ್ಲಿಸಲೇ ಎಂದು ಕೇಳಿದೆ. ಬೇಡವೆಂದರು. ಊರು ದಾಟಿದ ಮೇಲೆ, ಮದ್ದೂರಿನ ದಾರಿಯಲ್ಲಿ, ಯಾರೂ ಕೇಳದೆಯೇ ಆ ಕುದುರೆಯ ಕಥೆ ಹೇಳಿದರು.

ಅದರ ಬಣ್ಣ ನೋಡಿ ಅವರು ಅದಕ್ಕೆ ಬೆಲ್ಲ ಎಂದು ಹೆಸರಿಟ್ಟಿದ್ದರು. ರೇಸಿನವರು ಆಮೇಲೆ ಇಟ್ಟ ಇಂಗ್ಲಿಷ್ ಹೆಸರು ಅವರ ನಾಲಿಗೆಗೆ ಹತ್ತಿರಲಿಲ್ಲ. ಆರು ತಿಂಗಳ ಮರಿಯಾಗಿದ್ದಾಗ ಒಂದು ಮಧ್ಯಾಹ್ನ ಅದು ಬೇಲಿಯ ಮರದ ಪಟ್ಟಿಗಳ ನಡುವೆ ಎಡ ಮುಂಗಾಲು ಸಿಕ್ಕಿಸಿಕೊಂಡು ಮೂಳೆ ಬಿರುಕು ಬಿಟ್ಟುಕೊಂಡಿತು. ಬೇಲಿಯ ಆ ಪಟ್ಟಿ ಸಡಿಲವಾಗಿದ್ದದ್ದನ್ನು ಇಮಾಮ್ ಸಾಬರು ಹಿಂದಿನ ದಿನವೇ ನೋಡಿದ್ದರು. ನಾಳೆ ಬಡಿದರಾಯಿತು ಎಂದುಕೊಂಡಿದ್ದರು. ಓಡಲಾರದ ಕುದುರೆಯನ್ನು ಇಟ್ಟುಕೊಂಡು ಏನು ಮಾಡುವುದೆಂಬ ಮಾತು ಬಂತು. ಅಂಥ ಕುದುರೆಯನ್ನು ಏನು ಮಾಡುತ್ತಾರೆಂದು ಅವರಿಗೆ ಗೊತ್ತಿತ್ತು. ಡಾಕ್ಟರ ಮುಂದೆ ನಿಂತು ನಲವತ್ತು ದಿನ ಕೊಡಿ ಎಂದು ಕೇಳಿಕೊಂಡರು. ಆ ನಲವತ್ತು ದಿನ ಲಾಯದಲ್ಲೇ ಅದರ ಪಕ್ಕದಲ್ಲೇ ಇದ್ದರು. ಊಟ ಅಲ್ಲಿಗೇ ಬರುತ್ತಿತ್ತು. ಪಟ್ಟಿ ಕಟ್ಟಿದ ಕಾಲಿನ ಮೇಲೆ ಭಾರ ಬೀಳದಂತೆ ಎದೆಗೆ ಎದೆ ಕೊಟ್ಟು ಒರಗಿಸಿಕೊಂಡು ನಿಂತದ್ದೂ ಉಂಟಂತೆ. ಕಾಲು ಕೂಡಿತು. ಮರಿ ನಡೆಯಿತು, ಆಮೇಲೆ ಓಡಿತು, ಒಂದು ದಿನ ಲಾರಿ ಹತ್ತಿ ಹೋಯಿತು.

"ಈಗ ರೇಸಲ್ಲಿ ಓಡ್ತಾ ಇದೆಯಲ್ಲ, ಮತ್ತೇನು?" ಎಂದಳು ಗಿರಿಜೆ ಹಿಂದಿನಿಂದ.

"ಓಡ್ತೈತೆ ಅಂತಾರೆ ಅಮ್ಮ. ಅದು ಓಡೋ ಜಾತಿ, ನೋವಿದ್ರೂ ಓಡ್ತದೆ. ನೋವಿದ್ದು ಓಡ್ತಾ ಐತಾ, ಇಲ್ದೆ ಓಡ್ತಾ ಐತಾ, ಅದು ನಂಗೆ ಗೊತ್ತಾಗ್ಬೇಕು. ಅವತ್ತು ಬುಟ್ಬುಡಿ ಅಂದಿದ್ರೆ ಅದಕ್ಕೆ ಒಂದೇ ದಿನದ ನೋವು. ನಾನು ಉಳಿಸ್ದೆ. ಉಳಿಸಿ ದಿನಾ ನೋವು ತಿನ್ನಂಗೆ ಮಾಡ್ಬುಟ್ನಾ ಅಂತ."

ಸ್ವಲ್ಪ ದೂರ ಹೋದ ಮೇಲೆ ಅವರೇ ಮುಂದುವರಿಸಿದರು. ಆ ನಲವತ್ತು ದಿನಗಳಲ್ಲೇ ಬಾಷಾ ತುಮಕೂರಿನಲ್ಲಿ ಗ್ಯಾರೇಜು ತೆರೆದದ್ದು. ಅಂದು ಬರಬೇಕೆಂದು ಅವನೇ ಕುಣಿಗಲ್ಲಿಗೆ ಬಂದು ಕರೆದು ಹೋಗಿದ್ದ. "ನಾನು ಹೋಗ್ಲಿಲ್ಲ. ಪಟ್ಟಿ ಬಿಚ್ಚೋ ದಿನ ಅದು. ಅವ್ನು ಏನೂ ಅನ್ಲಿಲ್ಲ. ಈಗ ಕಣ್ಣು ಹೋದ್ಮೇಲೆ ಅವನ ಗ್ಯಾರೇಜಲ್ಲೇ ಕೂತಿದೀನಿ. ಅವನ ಕೆಲ್ಸ ಕಣ್ಣಿಂದ ನೋಡ್ಲಿಲ್ಲ ನಾನು. ಚೆನ್ನಾಗ್ ಮಾಡ್ತಾನೆ ಅಂತಾರೆ."

ಮೈಸೂರು ದಾಟಿ, ಗುಂಡ್ಲುಪೇಟೆಯಲ್ಲಿ ಗಿರಿಜೆ ತಂದಿದ್ದ ಬುತ್ತಿ ಬಿಚ್ಚಿ ತಿಂದು, ಕಾಡನ್ನು ಹಾದು ಗೂಡಲೂರಿನ ಕಡೆಯಿಂದ ಘಾಟಿ ಹತ್ತತೊಡಗಿದೆವು. ಎಂಜಿನ್ನಿನ ಬಲವನ್ನು ಕುದುರೆಗಳ ಲೆಕ್ಕದಲ್ಲಿ ಹೇಳುವ ಪದ್ಧತಿಯನ್ನು ನಾನು ಬರಿಯ ಅಲಂಕಾರವೆಂದು ತಿಳಿದಿದ್ದವನು. ಇಮಾಮ್ ಸಾಬರಿಗೆ ಅದು ಅಲಂಕಾರವಾಗಿರಲಿಲ್ಲ. ಅವರು ಕಣ್ಣು ಮುಚ್ಚಿ, ಒಂದು ಕೈಯನ್ನು ಮುಂದಿನ ತಗಡಿನ ಮೇಲಿಟ್ಟು, ತಲೆ ಓರೆ ಮಾಡಿ ಕೇಳುತ್ತಿದ್ದರು. ನಾನು ಪೆಟ್ರೋಲಿನ ಆಸೆಗೆ ದೊಡ್ಡ ಗೇರಿನಲ್ಲೇ ಏರನ್ನು ಹತ್ತಿಸಲು ಹೋದರೆ, "ಹಲ್ಲು ಕಚ್ಚತಾ ಐತೆ, ಬ್ಯಾಡ," ಎನ್ನುತ್ತಿದ್ದರು. ಗೇರು ಇಳಿಸಿದರೆ, "ಹಾಂ, ಈಗ ಹೆಜ್ಜೆ ಬಂತು," ಎನ್ನುತ್ತಿದ್ದರು. ಎರಡು ಕಡೆ, ನನ್ನ ಕಿವಿಗೆ ಏನೂ ಬೇರೆ ಕೇಳದಿದ್ದರೂ, "ಉಸ್ರು ಬಿಸಿಯಾಯ್ತು, ನೆರಳು ನೋಡಿ ನಿಲ್ಸಿ ಮೇಷ್ಟ್ರೇ," ಎಂದರು. ಬಿಸಿಯನ್ನು ತೋರಿಸುವ ಮುಳ್ಳು ನೋಡಿದರೆ ಕೆಂಪು ಗೆರೆಗೆ ಇನ್ನು ಕೂದಲೆಳೆಯಷ್ಟೇ ಉಳಿದಿತ್ತು. ಕಾರಿನಲ್ಲಿ ಸತ್ಯ ಹೇಳುವ ಮುಳ್ಳು ಅದೊಂದೇ. ನಿಲ್ಲಿಸಿ, ಬಾನೆಟ್ಟು ಎತ್ತಿ, ತಣಿಯುವ ತನಕ ಸುಮ್ಮನೆ ಕಾದೆವು. ದಾರಿಯ ಬದಿಯಲ್ಲಿ ಬಾಯಿ ತೆರೆದುಕೊಂಡು ಹಬೆಯಾಡುತ್ತ ನಿಂತಿದ್ದ ಮೂರು ಹೊಸ ಕಾರುಗಳನ್ನು ದಾಟಿಕೊಂಡು, ನಮ್ಮ ಹಳೆಯ ಕಾರು ಒಂದು ಹನಿ ನೀರನ್ನೂ ಹೊರಚೆಲ್ಲದೆ, ಇಳಿಹೊತ್ತಿನ ಮಂಜಿನಲ್ಲಿ ಊಟಿ ಸೇರಿತು.

ಮರುದಿನ ಮುಂಜಾನೆ ಮಸ್ತಾನನೇ ಲಾಡ್ಜಿನ ಹತ್ತಿರ ಬಂದು ನಮ್ಮನ್ನು ಲಾಯಗಳ ಬಳಿಗೆ ಕರೆದೊಯ್ದ. ನಡುವಯಸ್ಸಿನ ದೃಢಕಾಯದ ಮನುಷ್ಯ. ಇಮಾಮ್ ಸಾಬರ ಕೈಯನ್ನು ಕಣ್ಣಿಗೊತ್ತಿಕೊಂಡ. ಆಗತಾನೇ ಓಡಿ ಬಂದ ಕುದುರೆಗಳ ಮೈಯಿಂದ ಚಳಿಯಲ್ಲಿ ಹೊಗೆಯೇಳುತ್ತಿತ್ತು. ಸಾಲಿನ ಕೊನೆಯ ಬಾಗಿಲಿನ ಮುಂದೆ ಮಸ್ತಾನ ಒಂದು ಕುದುರೆಯನ್ನು ಹಗ್ಗ ಹಿಡಿದು ಹೊರಗೆ ತಂದ. ಬಣ್ಣ ನಿಜವಾಗಿಯೂ ಬೆಲ್ಲದ್ದೇ. ಅದರ ಕತ್ತು ನನ್ನ ತಲೆಗಿಂತ ಎತ್ತರದಲ್ಲಿತ್ತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಗಿರಿಜೆ ಸರಿಯಲಿಲ್ಲ.

ಇಮಾಮ್ ಸಾಬರು ತಮ್ಮ ಗಂಟನ್ನು ಬಿಚ್ಚಿದರು. ಅದರಲ್ಲಿ ಒಂದು ಅಚ್ಚು ಬೆಲ್ಲವಿತ್ತು. ಮಸ್ತಾನ ತುಸು ಮುಜುಗರದಿಂದ, "ಸಾಬ್, ರೇಸ್ ಕುದ್ರೆಗೆ ಹೊರಗಿನ್ದು ಏನೂ ಕೊಡಂಗಿಲ್ಲ," ಎಂದ.

"ಸರಿ. ನಾನೂ ಬಿಡ್ತಿರ್ಲಿಲ್ಲ," ಎಂದು ಅವರು ಅದನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ಗಿರಿಜೆಯ ಕೈಗೆ ಕೊಟ್ಟರು.

ಆಮೇಲೆ ಬರಿಗೈಯಲ್ಲಿ ಮುಂದೆ ಹೋದರು. ನಾಲಿಗೆಯಿಂದ ಒಂದು ಸಣ್ಣ ಸದ್ದು ಮಾಡುತ್ತ, ಏನೋ ಹೇಳಿಕೊಳ್ಳುತ್ತ ಅದರ ಕತ್ತಿನ ಮೇಲೆ ಕೈಯಿಟ್ಟರು. ಕುದುರೆ ಕಿವಿಯನ್ನು ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ಆಡಿಸಿ, ದೂರದಲ್ಲಿ ಯಾರೋ ಸುರಿಯುತ್ತಿದ್ದ ಹುರುಳಿಯ ಕಡೆ ನೋಡಿತು. ಅವರ ಕೈ ಭುಜಕ್ಕೆ ಇಳಿಯಿತು, ಭುಜದಿಂದ ಮಂಡಿಗೆ, ಮಂಡಿಯಿಂದ ಕೆಳಕ್ಕೆ. ಸೊಂಟದ ನೋವಿನ ಮುದುಕರು ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತುಬಿಟ್ಟರು. ಮೂಳೆ ಕೂಡಿದ ಜಾಗದಲ್ಲಿ ಒಂದು ಹುಣಿಸೆಬೀಜದಷ್ಟು ಗಂಟು ಉಳಿದಿತ್ತಂತೆ; ಬೆರಳು ಅಲ್ಲಿ ನಿಂತಿತು. ಎರಡು ಅಂಗೈಗಳಿಂದಲೂ ಆ ಕಾಲನ್ನು ಸುತ್ತಿ ಹಿಡಿದುಕೊಂಡು ಕಣ್ಣು ಮುಚ್ಚಿದರು. ಆಮೇಲೆ ಬಲಗಾಲನ್ನು ಹಾಗೆಯೇ ಹಿಡಿದು ನೋಡಿದರು. ಮತ್ತೆ ಎಡಗಾಲಿಗೆ ಬಂದರು. ಎಷ್ಟು ಹೊತ್ತಾಯಿತೋ ತಿಳಿಯದು. ಗಿರಿಜೆಯ ಕೈ ನನ್ನ ತೋಳನ್ನು ಹಿಡಿದುಕೊಂಡಿತ್ತು. ಯಾವಾಗ ಹಿಡಿದಳೋ ಅದೂ ತಿಳಿಯದು.

"ತಣ್ಣಗೈತೆ," ಎಂದರು ಇಮಾಮ್ ಸಾಬರು. "ಓಡಿ ಬಂದೈತೆ, ಆದ್ರೂ ತಣ್ಣಗೈತೆ ಅಮ್ಮ. ನೋವಿದ್ರೆ ಬಿಸಿ ಇರ್ತಿತ್ತು. ಎರಡೂ ಒಂದೇ ತರ." ಅವರ ಗಡ್ಡ ಒದ್ದೆಯಾಗಿತ್ತು. ಮಸ್ತಾನನ ಕಡೆ ಮುಖ ಎತ್ತಿ, ರಾತ್ರಿ ಹುಲ್ಲು ಏನು ಹಾಸುತ್ತೀಯ, ನೀರು ಯಾವಾಗ ಕೊಡುತ್ತೀಯ, ಲಾಳ ಯಾರು ಹೊಡೆಯುತ್ತಾರೆ ಎಂದು ಕೇಳಿದರು. ಅವನು ಒಂದೊಂದಕ್ಕೂ ಶಾಲೆಯ ಹುಡುಗನ ಹಾಗೆ ನಿಂತು ಉತ್ತರ ಹೇಳಿದ. "ಚೆನ್ನಾಗ್ ಇಟ್ಕಂಡಿದೀಯ ಕಣಪ್ಪ," ಎಂದು ಅವನ ತೋಳು ಹಿಡಿದು ಮೇಲೆದ್ದರು.

ಲಾಯದಿಂದ ಹೊರಬರುತ್ತ ನಾನು, ನನ್ನ ಮೇಷ್ಟ್ರ ಬುದ್ಧಿ ಬಿಡಲಾರದೆ, ಕುದುರೆಗೆ ನಿಮ್ಮ ಗುರುತು ಸಿಕ್ಕಿತೇ ಎಂದು ಕೇಳಿದೆ.

"ಇಲ್ಲ," ಎಂದರು ಅವರು, ಯಾವ ಬೇಸರವೂ ಇಲ್ಲದೆ. "ಅದಕ್ಯಾಕೆ ನನ್ನ ಗುರ್ತು? ಆ ನಲವತ್ತು ದಿನ ಮರ್ತೋಗಿದ್ರೇ ಅದಕ್ಕೆ ಒಳ್ಳೇದು."

ಉಪಕಾರ ಮಾಡಿದ್ದನ್ನು ಮಾಡಿಸಿಕೊಂಡವರು ನೆನೆಯಲಿ ಎಂಬ ಆಸೆಯಿಂದ ಪೂರಾ ಹೊರಗಿರುವ ಮನುಷ್ಯನನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ನಾನಾದರೋ, ಒಬ್ಬ ಮುದುಕರನ್ನು ಕಾರಿನಲ್ಲಿ ಕರೆತಂದ ಪುಣ್ಯವನ್ನು ಬೆಳಗಿನಿಂದ ಮನಸ್ಸಿನಲ್ಲಿ ಎರಡು ಬಾರಿ ನೇವರಿಸಿಕೊಂಡಿದ್ದೆ. ಹೂದೋಟ, ಕೆರೆ, ದೋಣಿ ಎಂದು ಗಿರಿಜೆಯ ಜೊತೆ ಆ ದಿನವೆಲ್ಲ ತಿರುಗಿದೆ. ಸಾಬರು ಮಸ್ತಾನನ ಜೊತೆ ಲಾಯದಲ್ಲೇ ಉಳಿದರು. ಕೆರೆಯ ದಡದ ಬೆಂಚೊಂದರ ಮೇಲೆ ಕುಳಿತು ನಾವಿಬ್ಬರೂ ಆ ಅಚ್ಚು ಬೆಲ್ಲವನ್ನು ಕಡಲೆಕಾಯಿಯ ಜೊತೆ ಸ್ವಲ್ಪ ಸ್ವಲ್ಪವಾಗಿ ತಿಂದೆವು. ಹನ್ನೊಂದು ವರ್ಷದಲ್ಲಿ ಆಡದಷ್ಟು ಮಾತನ್ನು ಅಂದು ಆಡಿದೆವು. ಅವು ಓದುಗರಿಗೆ ಸಂಬಂಧಿಸಿದವಲ್ಲ.

ಮೂರನೆಯ ದಿನ ಇಳಿದೆವು. ಘಾಟಿಯುದ್ದಕ್ಕೂ ಎಂಜಿನ್ ಆರಿಸಬಹುದಾದ ದಿವ್ಯವಾದ ಇಳಿಜಾರುಗಳು ಒಂದರ ಹಿಂದೊಂದು ಬಂದವು. ನಾನು ಒಂದರಲ್ಲೂ ಆರಿಸಲಿಲ್ಲ. ಗೇರಿನ ಹಿಡಿತದಲ್ಲಿ ಕಾರು ಹೆಜ್ಜೆಯೂರಿ ಇಳಿಯುತ್ತಿದ್ದರೆ ಮುಂದಿನ ಸೀಟಿನ ತೆಂಗಿನ ನಾರಿಗೆ ಒರಗಿ ಇಮಾಮ್ ಸಾಬರು ನಿದ್ದೆ ಹೋಗಿದ್ದರು.

ತುಮಕೂರು ಮುಟ್ಟಿ ಗ್ಯಾರೇಜಿನ ಮುಂದೆ ನಿಲ್ಲಿಸಿದಾಗ ಸಂಜೆಯ ಬಿಸಿಲು ಇನ್ನೂ ಇತ್ತು. ಬಾಷಾ ಓಡಿ ಬಂದು ಬಾಗಿಲು ತೆರೆದ. ತಂದೆಯ ಮುಖ ನೋಡಿದ, ಏನೋ ಕೇಳಬೇಕೆಂದವನು ನನ್ನ ಕಡೆ ತಿರುಗಿ, "ಗಾಡಿ ಹೆಂಗೋಯ್ತು ಸಾರ್?" ಎಂದ. ಲೀಟರಿಗೆ ಎಷ್ಟು ಬಂತೆಂದು ಹೇಳಲು ನಾನು ಬಾಯಿ ತೆರೆದೆ. ಗಿರಿಜೆ ನನ್ನ ಅಂಗಿಯನ್ನು ಹಿಂದಿನಿಂದ ಎಳೆದಳು.

ಇಮಾಮ್ ಸಾಬರು ಇಳಿದು, ಬೆಂಚಿನ ಕಡೆ ಹೋಗದೆ, ಇನ್ನೂ ಬಿಸಿಯಾಗಿದ್ದ ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡು ನಿಂತರು. "ಬಾಷಾ," ಎಂದರು.

"ಏನ್ ಅಬ್ಬಾ?"

"ಘಾಟಿ ಹತ್ತುವಾಗ ಪೂರ್ತಿ ಕೇಳ್ಕಂಡೇ ಕೂತಿದ್ದೆ ಕಣ್ಲಾ. ಎಲ್ಲೂ ಎಡವ್ಲಿಲ್ಲ. ಎಲ್ಲೂ ಹೆಜ್ಜೆ ತಪ್ಲಿಲ್ಲ. ಈ ಕೆಲ್ಸ ಮಾಡಿದ್ ಕೈ ಯಾರ್ದು ಅಂತ ಗೊತ್ತಿಲ್ದಿದ್ರೂ, ಒಳ್ಳೆ ಕೈ ಅಂತಿದ್ದೆ." ಬಾನೆಟ್ಟನ್ನು ಒಮ್ಮೆ ಸವರಿ, "ಗ್ಯಾರೇಜ್ ತೆಗ್ದಾಗ ನಾನು ಬರ್ಬೇಕಾಗಿತ್ತು," ಎಂದರು.

ಬಾಷಾ ತೆರೆದೇ ಇದ್ದ ಕಾರಿನ ಬಾಗಿಲನ್ನು ಮೆಲ್ಲಗೆ ಹಾಕಿ, "ಕಾಲು ಹೆಂಗಿತ್ತು?" ಎಂದು ಕೇಳಿದ.

"ತಣ್ಣಗಿತ್ತು."

ಅವನು ತಲೆಯಾಡಿಸಿ, ಚಪ್ಪರದ ಮೂಲೆಯಲ್ಲಿದ್ದ ನೀರಿನ ಡ್ರಮ್ಮಿನ ಹತ್ತಿರ ಹೋಗಿ ಸೋಪು ಹಚ್ಚಿ ಕೈ ತೊಳೆಯತೊಡಗಿದ. ಅವನ ಕೈಯಲ್ಲಿ ಆಗ ಗ್ರೀಸಾಗಲಿ ಮಸಿಯಾಗಲಿ ಇರಲಿಲ್ಲ. ನಾವು ಕಾರು ತಿರುಗಿಸಿಕೊಂಡು ಹೊರಟಾಗಲೂ ನಮಗೆ ಬೆನ್ನು ಮಾಡಿ ತೊಳೆಯುತ್ತಲೇ ಇದ್ದ. ಇಮಾಮ್ ಸಾಬರು ತಗಡಿನ ಗೋಡೆಯನ್ನು ತಡವಿಕೊಂಡು ಅಲ್ಲಿಯವರೆಗೆ ಹೋಗಿ, ಮೊಳೆಗೆ ನೇತುಹಾಕಿದ್ದ ಟವೆಲನ್ನು ಕೈಗೆ ತೆಗೆದುಕೊಂಡು, ಅವನು ತೊಳೆದು ಮುಗಿಸಲೆಂದು ಹಿಂದೆ ನಿಂತು ಕಾಯುತ್ತಿದ್ದರು.